ಸಮಕಾಲೀನ ಕಲಾವಿದರು, ನಿಮ್ಮ ಚಿತ್ರ, ನಿಮ್ಮ ಶಿಲ್ಪ: ಪದೇ ಪದೇ ಕೇಳುವ ಪ್ರಶ್ನೆಗಳು

ಸಮಕಾಲೀನ ಕಲಾವಿದರೊಬ್ಬರಿಂದ ಪ್ರೇರಣೆ ಪಡೆದು ಮಕ್ಕಳು ತಮ್ಮದೇ ಚಿತ್ರವನ್ನೋ ಶಿಲ್ಪವನ್ನೋ ಮಾಡುವ ಪ್ರಾಜೆಕ್ಟ್ ಬಂದಾಗ, ಚಿತ್ರಕಲೆ ಕಲಿಸುವ ನನಗೆ ಕೆಲವು ಪ್ರಶ್ನೆಗಳು ಪ್ರತಿವರ್ಷವೂ ತಪ್ಪದೆ ಬರುತ್ತವೆ. ಕೆಲವನ್ನು ತರಗತಿಯ ಬಾಗಿಲಲ್ಲಿ ನಿಂತು ಕೇಳುತ್ತಾರೆ, ಕೆಲವು ಪತ್ರದಲ್ಲಿ ಬರುತ್ತವೆ, ಒಂದೆರಡನ್ನು ಮಕ್ಕಳ ತಂದೆತಾಯಿ ಸ್ವಲ್ಪ ಸಿಟ್ಟಿನಲ್ಲೇ ಕೇಳಿದ್ದಾರೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋದರೂ ನಡೆಯುತ್ತದೆ.

## ಶುರುವಿನ ಗೊಂದಲಗಳು

ಸಮಕಾಲೀನ ಕಲಾವಿದರು ಅಂದ್ರೆ ಈಗ ಬದುಕಿರೋರು ಮಾತ್ರಾನಾ?

ಹಾಗೇನಿಲ್ಲ. ಸಾಮಾನ್ಯವಾಗಿ 1960ರ ದಶಕದಿಂದ ಈಚಿನ ಕಲೆಗೆ ಈ ಹೆಸರು ಸಲ್ಲುತ್ತದೆ. ಗಡಿಯೇನೂ ಗಟ್ಟಿಯಲ್ಲ, ಒಬ್ಬೊಬ್ಬರು ಒಂದೊಂದು ಕಡೆ ಗೆರೆ ಎಳೆಯುತ್ತಾರೆ. ಶಿಲ್ಪಿ ಲೂಯಿಸ್ ಬೂರ್ಜ್ವಾ ಹುಟ್ಟಿದ್ದು 1911ರಲ್ಲಿ, ತೀರಿಕೊಂಡದ್ದು 2010ರಲ್ಲಿ. ಆದರೂ ಅವರನ್ನು ಸಮಕಾಲೀನರ ಸಾಲಿನಿಂದ ಯಾರೂ ಎಬ್ಬಿಸುವುದಿಲ್ಲ. ಪ್ರಾಜೆಕ್ಟ್ ಮಾಡುವುದಕ್ಕೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಡ.

ನನಗಿನ್ನೂ ಕೈಬೆರಳು ನೆಟ್ಟಗೆ ಬಿಡಿಸೋಕೇ ಬರಲ್ಲ. ಮೊದಲು ಅದನ್ನ ಕಲಿತು, ಆಮೇಲೆ ಇವರನ್ನೆಲ್ಲ ನೋಡಿದ್ರೆ ಆಗಲ್ವಾ ಮೇಡಂ?

ಎರಡೂ ಒಟ್ಟಿಗೇ ನಡೆಯಲಿ. ಹಾಡು ಕಲಿಯುವವರು ಸ್ವರ ಪೂರ್ತಿ ಹಿಡಿತಕ್ಕೆ ಬರುವವರೆಗೂ ಕಛೇರಿ ಕೇಳುವುದಿಲ್ಲ ಎಂದು ಕೂರುತ್ತಾರೆಯೇ? ಕೇಳುತ್ತಲೇ ಇರುತ್ತಾರೆ. ಕಿವಿ ಮುಂದೆ ಹೋಗುತ್ತದೆ, ಗಂಟಲು ಹಿಂದೆ ಬರುತ್ತದೆ. ಕಣ್ಣು ಮತ್ತು ಕೈಯ ಕಥೆಯೂ ಅದೇ. ಆದರೆ ಬರೀ ನೋಡುತ್ತ ಕೂತರೆ ಕೈ ಬೆಳೆಯುವುದಿಲ್ಲ. ಕಲಾವಿದರನ್ನು ನೋಡಿದ ದಿನವೂ ಒಂದು ಹಾಳೆ ತುಂಬಬೇಕು.

ಪ್ರೇರಣೆ ಪಡೆಯೋದಕ್ಕೂ ಕಾಪಿ ಹೊಡೆಯೋದಕ್ಕೂ ಏನು ವ್ಯತ್ಯಾಸ?

ಈ ಪುಟದಲ್ಲಿ ಒಂದೇ ಉತ್ತರ ಓದುವ ಪುರುಸೊತ್ತಿದ್ದರೆ ಇದನ್ನು ಓದಿ.

ಘಾನಾದಲ್ಲಿ 1944ರಲ್ಲಿ ಹುಟ್ಟಿ ನೈಜೀರಿಯಾದ ನ್ಸುಕ್ಕದಲ್ಲಿ ದಶಕಗಳ ಕಾಲ ಕಲಿಸಿದ ಎಲ್ ಅನಟ್ಸುಯಿ ಅವರ ಹೆಸರು ಕೇಳಿರಬಹುದು. ಮದ್ಯದ ಬಾಟಲಿಗಳ ಲೋಹದ ಮುಚ್ಚಳಗಳನ್ನು ತಟ್ಟಿ, ಮಡಿಸಿ, ತಿರುಚಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿದು, ಗೋಡೆ ತುಂಬುವ ಬಟ್ಟೆಯಂಥ ಶಿಲ್ಪಗಳನ್ನು ಅವರು ಮಾಡುತ್ತಾರೆ. ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾಪ್ರದರ್ಶನವಾದ ವೆನಿಸ್ ಬಿನಾಲೆಯಲ್ಲಿ 2015ರಲ್ಲಿ ಅವರಿಗೆ ಜೀವಮಾನ ಸಾಧನೆಯ ಚಿನ್ನದ ಸಿಂಹ ಪ್ರಶಸ್ತಿ ಬಂತು. ಅವರ ಚಿತ್ರ ತೋರಿಸಿದ ಮರುವಾರ ಮಕ್ಕಳು ಚೀಲದ ತುಂಬ ಮುಚ್ಚಳ ಹೊತ್ತು ತರುತ್ತಾರೆ. ಮುಚ್ಚಳ ಜೋಡಿಸುತ್ತಾರೆ, ಚೆನ್ನಾಗಿಯೇ ಕಾಣುತ್ತದೆ. ಆದರೆ ಅದು ಅನಟ್ಸುಯಿ ಅವರ ಕೆಲಸದ ಚಿಕ್ಕ, ಬಡ ನಕಲು, ಅಷ್ಟೆ.

ಅವರ ಕೆಲಸದ ಹಿಂದಿನ ನಿರ್ಧಾರಗಳನ್ನು ಬಿಡಿಸಿ ನೋಡಿ. ಒಂದು, ಜನ ಬಳಸಿ ಎಸೆದ ವಸ್ತುವನ್ನು ಎತ್ತಿಕೊಂಡದ್ದು. ಎರಡು, ಆ ವಸ್ತುವಿಗೆ ತನ್ನದೇ ಇತಿಹಾಸ ಇದ್ದದ್ದು: ಯುರೋಪು ಮತ್ತು ಆಫ್ರಿಕಾದ ನಡುವಿನ ವ್ಯಾಪಾರದಲ್ಲಿ ಮದ್ಯಕ್ಕೆ ದೊಡ್ಡ ಪಾತ್ರವಿತ್ತು. ಮೂರು, ಗಡುಸಾದ ಲೋಹವನ್ನು ಬಟ್ಟೆಯ ಹಾಗೆ ಮೃದು ಮಾಡಿದ್ದು. ನಾಲ್ಕು, ಹೀಗೇ ತೂಗುಹಾಕಬೇಕೆಂದು ಕಟ್ಟುಮಾಡದೆ, ಪ್ರತಿಸಲ ತೂಗುಹಾಕುವವರೇ ನೆರಿಗೆ ತೀರ್ಮಾನಿಸಲಿ ಎಂದು ಬಿಟ್ಟದ್ದು. ಈ ನಾಲ್ಕರಲ್ಲಿ ಒಂದನ್ನು ಎತ್ತಿಕೊಳ್ಳಿ, ಮುಚ್ಚಳವನ್ನು ಅಲ್ಲೇ ಬಿಟ್ಟುಬಿಡಿ. ಮೂರನೆಯದನ್ನು ಆರಿಸಿದ ಒಬ್ಬ ವಿದ್ಯಾರ್ಥಿನಿ ಒಡೆದ ಟೈಲ್ಸ್ ಚೂರುಗಳಿಗೆ ತೂತು ಕೊರೆದು ದಾರದಲ್ಲಿ ಪೋಣಿಸಿ ಜೋತುಬಿಟ್ಟಳು. ಅನಟ್ಸುಯಿ ಅವರ ಹೆಸರು ಹೇಳದೇ ಹೋಗಿದ್ದರೆ ಯಾರಿಗೂ ಅವರ ನೆನಪು ಬರುತ್ತಿರಲಿಲ್ಲ. ಪ್ರೇರಣೆ ಅಂದರೆ ನನ್ನ ಲೆಕ್ಕದಲ್ಲಿ ಅದು. ತೋರಿಕೆ ಅವರದು, ನಿರ್ಧಾರ ಎಲ್ಲರದು.

ಇಷ್ಟು ಹೇಳಿದರೂ, ಕಲಿಕೆಗಾಗಿ ಸ್ಕೆಚ್ ಪುಸ್ತಕದಲ್ಲಿ ನಕಲು ಮಾಡುವುದರಲ್ಲಿ ತಪ್ಪೇನೂ ಇಲ್ಲ. ಮಾಡಲೇಬೇಕು. ಪಕ್ಕದಲ್ಲಿ "ಇಂಥವರ ಇಂಥ ಕೃತಿ ನೋಡಿ ಬಿಡಿಸಿದ್ದು" ಎಂದು ಬರೆದಿಡಿ.

ಅಷ್ಟೊಂದು ಕಲಾವಿದರಿದ್ದಾರೆ. ನಾನು ಯಾರನ್ನ ಆರಿಸ್ಕೊಳ್ಳಲಿ?

ನಿಮಗೆ ತುಂಬ ಇಷ್ಟವಾದವರನ್ನೇ ಆರಿಸಬೇಕೆಂದಿಲ್ಲ. ಕಿರಿಕಿರಿ ಮಾಡಿದವರು ಎಷ್ಟೋ ಸಲ ಹೆಚ್ಚು ಕೆಲಸಕ್ಕೆ ಬರುತ್ತಾರೆ. "ಇದನ್ನೂ ಕಲೆ ಅಂತಾರಾ?" ಎಂದು ನಿಮಗೆ ಅನ್ನಿಸಿದ್ದರೆ ಅಲ್ಲಿ ನಿಮಗೊಂದು ಜಗಳವಿದೆ, ಜಗಳದಿಂದ ಒಳ್ಳೆಯ ಪ್ರಾಜೆಕ್ಟ್ ಹುಟ್ಟುತ್ತದೆ. ಹುಡುಕಿದಾಗ ಮೊದಲು ಕಾಣುವ ಹತ್ತು ಹೆಸರನ್ನು ಬಿಟ್ಟು ಮುಂದೆ ಹೋಗಿ ಎಂದೂ ಹೇಳುತ್ತೇನೆ, ಪಕ್ಕದ ಬೆಂಚಿನವರೂ ಅದೇ ಹತ್ತರಲ್ಲಿ ಒಂದನ್ನು ಆರಿಸಿರುತ್ತಾರೆ.

## ಪೆನ್ಸಿಲ್, ಇದ್ದಿಲು, ಗೆರೆ

ಚಾರ್ಕೋಲ್‌ನಲ್ಲಿ ಮಾಡಿದ್ರೆ ಅಳಿಸಿದ ಕಲೆ ಹೋಗೋದೇ ಇಲ್ಲ. ಹಾಳೆ ಕೊಳಕಾಗುತ್ತೆ. ಏನ್ ಮಾಡ್ಲಿ?

ವಿಲಿಯಂ ಕೆಂಟ್ರಿಜ್ ಅವರನ್ನು ನೋಡಿ. 1955ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದ ಇವರು 1989ರಿಂದ ಮಾಡುತ್ತ ಬಂದ ಅನಿಮೇಷನ್ ಚಿತ್ರಗಳ ಸರಣಿಯೊಂದಿದೆ. ಸಾಮಾನ್ಯವಾಗಿ ಅನಿಮೇಷನ್ ಅಂದರೆ ಸಾವಿರಾರು ಬೇರೆ ಬೇರೆ ಚಿತ್ರ. ಕೆಂಟ್ರಿಜ್ ಒಂದೇ ಹಾಳೆಯ ಮೇಲೆ ಇದ್ದಿಲಿನಿಂದ ಬಿಡಿಸಿ ಕ್ಯಾಮೆರಾದಲ್ಲಿ ಹಿಡಿಯುತ್ತಾರೆ. ಆಮೇಲೆ ಹಾಳೆಗೆ ಮರಳಿ ಸ್ವಲ್ಪ ಅಳಿಸಿ, ಸ್ವಲ್ಪ ತಿದ್ದಿ, ಮತ್ತೆ ಹಿಡಿಯುತ್ತಾರೆ. ಇದ್ದಿಲು ಪೂರ್ತಿ ಅಳಿಯುವುದಿಲ್ಲವಾದ್ದರಿಂದ ನಡೆದು ಹೋದ ಮನುಷ್ಯನ ಹಿಂದೆ ಅವನ ಬೂದು ನೆರಳುಗಳು ಉಳಿದುಬಿಡುತ್ತವೆ. ವರ್ಣಭೇದ ನೀತಿಯ ಕಾಲ ಕಂಡ ಊರಿನ ಚಿತ್ರದಲ್ಲಿ ಅಳಿಸಿದರೂ ಹೋಗದ ಗುರುತು ಏನು ಹೇಳುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಮಟ್ಟಿಗೆ ಇದನ್ನು ಹೀಗೆ ಮಾಡಿ ನೋಡಿ: ಎದುರಿಗೆ ಕೂತ ಒಬ್ಬರನ್ನು ಒಂದೇ ಹಾಳೆಯಲ್ಲಿ ನಾಲ್ಕು ಸಲ ಬಿಡಿಸಿ. ಪ್ರತಿ ಹತ್ತು ನಿಮಿಷಕ್ಕೆ ಅವರು ಭಂಗಿ ಬದಲಿಸಲಿ. ಹಳೆಯದನ್ನು ಬಟ್ಟೆಯಿಂದ ಒರೆಸಿ ಅದರ ಮೇಲೆಯೇ ಹೊಸದನ್ನು ಬಿಡಿಸಿ. ಪ್ರತಿ ಹಂತದ ಫೋಟೋ ತೆಗೆದಿಡಿ. ಕಾಗದ ಸ್ವಲ್ಪ ದಪ್ಪ, ಒರಟು ಇರಲಿ, ನಯವಾದ ಹಾಳೆ ಎರಡನೇ ಒರೆಸಿಗೇ ಸೋತುಹೋಗುತ್ತದೆ. ಇದ್ದಿಲನ್ನು ಎತ್ತಲು ಗಟ್ಟಿ ರಬ್ಬರಿಗಿಂತ ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರ್ ಒಳ್ಳೆಯದು. ಉಜ್ಜಬೇಡಿ, ಒತ್ತಿ ಎತ್ತಿ. ಕೊನೆಗೆ ಹಾಳೆ ಕೊಳಕಾಗಿಯೇ ಇರುತ್ತದೆ. ಆದರೆ ಅದರಲ್ಲಿ ನಲವತ್ತು ನಿಮಿಷ ಕೂತಿರುತ್ತದೆ.

ನಮ್ಮ ಮಗಳು ಬರೀ ಅಡ್ಡಗೆರೆ ಎಳೀತಾ ಕೂತಿರ್ತಾಳೆ. ನಸ್ರೀನ್ ಅಂತ ಯಾರೋ ಕಲಾವಿದೆಯ ಪ್ರಭಾವವಂತೆ. ಇದ್ರಲ್ಲಿ ಕಲಿಯೋದು ಏನಿದೆ?

ತುಂಬ ಇದೆ, ದಯವಿಟ್ಟು ತಡೆಯಬೇಡಿ. ನಸ್ರೀನ್ ಮೊಹಮದಿ 1937ರಲ್ಲಿ ಕರಾಚಿಯಲ್ಲಿ ಹುಟ್ಟಿದವರು. 1972ರಿಂದ 1990ರಲ್ಲಿ ತೀರಿಕೊಳ್ಳುವವರೆಗೂ ಬರೋಡಾದ ಕಲಾ ವಿಭಾಗದಲ್ಲಿ ಪಾಠ ಹೇಳಿದರು. ಸುತ್ತಲಿನವರು ಮನುಷ್ಯಾಕೃತಿಗಳನ್ನು, ಕಥೆಗಳನ್ನು ಬಿಡಿಸುತ್ತಿದ್ದ ಕಾಲದಲ್ಲಿ ಇವರು ಎಂಜಿನಿಯರುಗಳ ಉಪಕರಣ ಹಿಡಿದು ಶಾಯಿ, ಪೆನ್ಸಿಲ್ಲುಗಳಲ್ಲಿ ಕೂದಲೆಳೆಯಂಥ ಗೆರೆ ಎಳೆದರು. ಕೃತಿಗಳಿಗೆ ಹೆಸರಿಡುವ ಗೋಜಿಗೂ ಬಹುತೇಕ ಹೋಗಲಿಲ್ಲ. ಕೊನೆಯ ವರ್ಷಗಳಲ್ಲಿ ನರಗಳ ಕಾಯಿಲೆ ಕಾಡಿದಾಗಲೂ ಗೆರೆಯ ನಿಖರತೆ ಬಿಡಲಿಲ್ಲ.

ಮಗಳ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಗೆರೆಗಳ ನಡುವಿನ ಅಂತರ ಕ್ರಮವಾಗಿ ಕಿರಿದಾದರೆ ಹಾಳೆ ಒಳಕ್ಕೆ ಬಾಗಿದಂತೆ ಕಾಣುತ್ತದೆ. ಒತ್ತಡ ಕಡಿಮೆಯಾದ ಕಡೆ ಗೆರೆ ಹಿಂದಕ್ಕೆ ಸರಿಯುತ್ತದೆ. ಶೇಡಿಂಗ್ ಇಲ್ಲದೆ ಆಳ ಹುಟ್ಟಿಸುವ ವಿದ್ಯೆ ಇದು. ಸಾಲ್ ಲೆವಿಟ್ ಇನ್ನೊಂದು ದಾರಿ ಹಿಡಿದರು. 1968ರಲ್ಲಿ ಶುರುಮಾಡಿ 1,200ಕ್ಕೂ ಹೆಚ್ಚು ಗೋಡೆಚಿತ್ರಗಳನ್ನು ಸೂಚನೆಗಳ ರೂಪದಲ್ಲಿ ರಚಿಸಿದರು, ಗೋಡೆಯ ಮೇಲೆ ಎಳೆದವರು ಹೆಚ್ಚಾಗಿ ಬೇರೆಯವರು. ಮಗಳು ಮೂರು ಸಾಲಿನ ಸೂಚನೆ ಬರೆದು ನಿಮ್ಮ ಕೈಗೆ ಪೆನ್ಸಿಲ್ ಕೊಡಲಿ. ಎಳೆದು ನೋಡಿ, ಆಮೇಲೆ ಈ ಪ್ರಶ್ನೆ ಮತ್ತೆ ಕೇಳಿ.

ಫೋಟೋ ನೋಡಿ ಬಿಡಿಸಿದ್ರೆ ಮೋಸಾನಾ?

ಮೋಸವಲ್ಲ. ವಿಯಾ ಸೆಲ್ಮಿನ್ಸ್ ಸಮುದ್ರದ ಅಲೆಗಳನ್ನೂ ನಕ್ಷತ್ರ ತುಂಬಿದ ಆಕಾಶವನ್ನೂ ಫೋಟೋ ಎದುರಿಟ್ಟುಕೊಂಡೇ ಪೆನ್ಸಿಲ್ಲಿನಲ್ಲಿ ಬಿಡಿಸಿದರು. ಆದರೆ ಅವರ ಸಮುದ್ರದಲ್ಲಿ ದಿಗಂತವಿಲ್ಲ, ದೋಣಿಯಿಲ್ಲ, ಕಣ್ಣು ನಿಲ್ಲಲು ಒಂದು ಜಾಗವಿಲ್ಲ. ಹಾಳೆಯ ಮೂಲೆಗೂ ನಡುವಿಗೂ ಒಂದೇ ಗಮನ. ಫೋಟೋದಲ್ಲಿ ಮುಖ್ಯವಾದದ್ದನ್ನು ಚೆನ್ನಾಗಿ ಬಿಡಿಸಿ ಹಿನ್ನೆಲೆಯನ್ನು ಗೀಚಿ ಮುಗಿಸುವ ಅಭ್ಯಾಸ ನಿಮಗಿದ್ದರೆ, ಮುಖ್ಯವೆಂಬುದೇ ಇಲ್ಲದ ಫೋಟೋ ಒಂದನ್ನು ಆರಿಸಿ: ಮರಳು, ಜಲ್ಲಿ, ಗರಿಕೆ. ಫೋಟೋ ನೀವೇ ತೆಗೆದದ್ದಾಗಿರಲಿ. ಬೇರೆಯವರ ಫೋಟೋ ಆದರೆ ಅದನ್ನು ತೆಗೆದವರ ನಿರ್ಧಾರಗಳನ್ನೂ ನೀವು ಹೊತ್ತುಕೊಳ್ಳುತ್ತೀರಿ.

## ಹಾಳೆಯಿಂದ ಎದ್ದು ನಿಂತಾಗ

ಡ್ರಾಯಿಂಗ್ ಪರವಾಗಿಲ್ಲ, ಶಿಲ್ಪ ಅಂದ್ರೆ ಭಯ. ಎಲ್ಲಿಂದ ಶುರು ಮಾಡ್ಲಿ?

ತಂತಿಯಿಂದ. ತಂತಿ ಅಂದರೆ ಹಾಳೆ ಬಿಟ್ಟು ಎದ್ದು ಬಂದ ಗೆರೆ. ರೂತ್ ಅಸಾವಾ 1947ರಲ್ಲಿ ಮೆಕ್ಸಿಕೋದ ತೊಲುಕಾದಲ್ಲಿ ತಂತಿಯ ಬುಟ್ಟಿ ಹೆಣೆಯುವವರನ್ನು ಕಂಡು ಆ ಕುಣಿಕೆ ಕಲಿತರು. ಅದೇ ಒಂದು ಕುಣಿಕೆಯಿಂದ ಒಂದರೊಳಗೊಂದು ಕೂತ, ಗಾಳಿಯಂತೆ ಹಗುರಾದ ತೂಗುಶಿಲ್ಪಗಳನ್ನು ಮಾಡಿದರು. ಒಳಗೂ ಕಾಣುತ್ತದೆ, ಹೊರಗೂ ಕಾಣುತ್ತದೆ, ಗೋಡೆಯ ಮೇಲೆ ನೆರಳೂ ಬೀಳುತ್ತದೆ.

ಮೊದಲ ಅಭ್ಯಾಸಕ್ಕೆ ಒಂದು ಎಲೆಯನ್ನೋ ನಿಮ್ಮ ಎಡಗೈಯನ್ನೋ ಪೆನ್ಸಿಲ್ ಎತ್ತದೆ ಒಂದೇ ಗೆರೆಯಲ್ಲಿ ಬಿಡಿಸಿ. ಆ ಗೆರೆಯ ಮೇಲೆ ತಂತಿಯನ್ನಿಟ್ಟು ಬಗ್ಗಿಸುತ್ತ ಹೋಗಿ. ಈಗಿನ್ನೂ ಅದು ಚಪ್ಪಟೆ. ಹಾಳೆಯಿಂದ ಎತ್ತಿ ಒಂದು ಬೆರಳನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಎಳೆಯಿರಿ, ಶಿಲ್ಪವಾಯಿತು. ಒಂದು ಬದಿಯಿಂದ ದೀಪ ಹಿಡಿದು ಗೋಡೆಯ ಮೇಲೆ ಬಿದ್ದ ನೆರಳನ್ನು ಮತ್ತೆ ಬಿಡಿಸಿಕೊಳ್ಳಿ. ಚಿತ್ರ ಶಿಲ್ಪವಾಗಿ, ಶಿಲ್ಪ ಚಿತ್ರವಾದದ್ದು ಒಂದೇ ಮಧ್ಯಾಹ್ನದಲ್ಲಿ. ತಂತಿಯ ತುದಿ ಕಣ್ಣಿಗೆ ಅಪಾಯ, ಕತ್ತರಿಸಿದ ಕೂಡಲೇ ತುದಿಯನ್ನು ಒಳಕ್ಕೆ ಮಡಚಿ.

ಕಲ್ಲು, ಕಂಚು ನಮ್ಮ ಕೈಗೆಟುಕಲ್ಲ. ಕಡಿಮೆ ಖರ್ಚಿನ ವಸ್ತು ಬಳಸಿದ್ರೆ ಕೆಲಸ ಅಗ್ಗವಾಗಿ ಕಾಣಲ್ವಾ?

ವಸ್ತು ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಬಳಸಿದರೆ ಖಂಡಿತ ಅಗ್ಗವಾಗಿ ಕಾಣುತ್ತದೆ. ಆ ವಸ್ತುವೇ ಏಕೆ ಎನ್ನುವುದಕ್ಕೆ ಉತ್ತರವಿದ್ದರೆ ಕಾಣುವುದಿಲ್ಲ.

ಮೃಣಾಲಿನಿ ಮುಖರ್ಜಿ 1970ರ ದಶಕದಲ್ಲಿ ನಾರಿನ ಹಗ್ಗ ಹಿಡಿದರು. ಗಂಟು ಹಾಕುತ್ತ ಹಾಕುತ್ತ ಆಳೆತ್ತರದ, ಹೂವೋ ದೇವತೆಯೋ ಎಂದು ಬೆರಗಾಗುವ ಆಕೃತಿಗಳನ್ನು ಕಟ್ಟಿದರು. ಹಗ್ಗಕ್ಕೆ ತನ್ನ ಭಾರದಿಂದಲೇ ಜೋಲುವ ಗುಣವಿದೆ. ಅವರು ಅದರ ಜೊತೆ ಗುದ್ದಾಡಲಿಲ್ಲ, ಆ ಜೋಲನ್ನೇ ಮೈಯಾಗಿಸಿದರು. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಕಲಿತದ್ದು ಚಿತ್ರಕಲೆ. 1990ರ ದಶಕದಲ್ಲಿ ಸಗಣಿ, ದಾರ, ಕುಂಕುಮಗಳತ್ತ ತಿರುಗಿದರು. ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ದಾರಗಳನ್ನೆಲ್ಲ ಅಂಟು ಮತ್ತು ಕುಂಕುಮದಿಂದ ಒಂದು ಕೆಂಪು ಹಗ್ಗವಾಗಿ ಸೇರಿಸಿ, ಜಾಗದ ತುಂಬ ಹರಿಯಬಿಟ್ಟ ಕೃತಿಯೊಂದಿದೆ. ದೂರದಿಂದ ಗಾಳಿಯಲ್ಲಿ ಎಳೆದ ಕೆಂಪು ಗೆರೆ. ಹತ್ತಿರ ಹೋದರೆ ತುದಿಯಲ್ಲಿ ಸೂಜಿಗಳ ಗೊಂಚಲು. ಆ ಕುಂಕುಮದ ಜಾಗಕ್ಕೆ ಕೆಂಪು ಬಣ್ಣದ ಡಬ್ಬಿ ಬಂದಿದ್ದರೆ ಕೆಲಸವೇ ಬೇರೆಯಾಗುತ್ತಿತ್ತು.

ನಿಮ್ಮ ವಸ್ತುವಿಗೆ ಮೂರು ಪ್ರಶ್ನೆ ಹಾಕಿ: ಇದನ್ನು ಯಾರ ಕೈ ಮುಟ್ಟಿದೆ? ಇದು ತಾನಾಗಿ ಏನು ಮಾಡುತ್ತದೆ, ಜೋಲುತ್ತದೆಯೋ ಸೆಟೆಯುತ್ತದೆಯೋ ಪುಡಿಯಾಗುತ್ತದೆಯೋ? ಒಂದು ಇದ್ದದ್ದು ಸಾವಿರವಾದರೆ ಏನಾಗುತ್ತದೆ?

ಏನು ಮಾಡ್ಬೇಕು ಅಂತಲೇ ಹೊಳೀತಿಲ್ಲ. ಐಡಿಯಾನೇ ಬರಲ್ಲ.

ಐಡಿಯಾಕ್ಕೆ ಕಾಯಬೇಡಿ, ಕ್ರಿಯಾಪದ ಹಿಡಿಯಿರಿ. ರಿಚರ್ಡ್ ಸೆರಾ 1967–68ರಲ್ಲಿ ಎರಡು ಹಾಳೆಗಳ ಮೇಲೆ ಪೆನ್ಸಿಲ್ಲಿನಲ್ಲಿ 84 ಕ್ರಿಯಾಪದಗಳ ಪಟ್ಟಿ ಬರೆದರು: ಸುತ್ತುವುದು, ಮಡಿಸುವುದು, ಬಗ್ಗಿಸುವುದು, ಹೀಗೆ. ಆಮೇಲೆ ಅವನ್ನು ವಸ್ತುಗಳ ಮೇಲೆ ಪ್ರಯೋಗಿಸುತ್ತ ಹೋದರು. ಒಂದು ರಬ್ಬರ್ ಹಾಳೆಯನ್ನು ಒಂದು ಅಂಚಿನಿಂದ ಎತ್ತಿದರು, ಅದು ತಾನಾಗಿ ನಿಂತಿತು. 1967ರ ಆ ಶಿಲ್ಪದ ಹೆಸರೂ "ಎತ್ತುವುದು" ಎಂದೇ.

ಈ ಆಟಕ್ಕೆ ನಮ್ಮ ಭಾಷೆ ಹೇಳಿ ಮಾಡಿಸಿದಂತಿದೆ. ಕೂಡಿಸುವ ಕೆಲಸಕ್ಕೇ ಎಷ್ಟು ಮಾತುಗಳಿವೆ ನೋಡಿ: ಹೊಸೆ, ಹೆಣೆ, ನೇಯಿ, ಪೋಣಿಸು, ಮೆತ್ತು, ಬೆಸೆ, ಪೇರಿಸು. ಒಂದೊಂದಕ್ಕೂ ಕೈಯ ಚಲನೆ ಬೇರೆ. ಹೊಸೆಯುವಾಗ ಎರಡು ಅಂಗೈ ಉಜ್ಜಬೇಕು, ಮೆತ್ತುವಾಗ ಒಂದು ಅಂಗೈ ಒತ್ತಬೇಕು. ಬೇರ್ಪಡಿಸುವುದಕ್ಕೂ ಅಷ್ಟೇ: ಹರಿ, ಸೀಳು, ಸುಲಿ, ಕೀಳು, ಹಿಂಜು. ಮನೆಯಲ್ಲಿ ಹಿರಿಯರಿದ್ದರೆ ಕೇಳಿ, ನನಗೆ ತಿಳಿಯದ ಹತ್ತು ಮಾತು ಅವರ ಬಳಿ ಇರುತ್ತವೆ. ಇಪ್ಪತ್ತು ಕ್ರಿಯಾಪದ ಬರೆದು ಚೀಟಿ ಮಾಡಿ, ಐದು ಎತ್ತಿ. ಒಂದೇ ಅಳತೆಯ ಐದು ರಟ್ಟಿನ ತುಂಡುಗಳ ಮೇಲೆ ಒಂದೊಂದನ್ನು ಮಾಡಿ. "ಸುಲಿ" ಬಂದ ರಟ್ಟು ಪದರ ಪದರವಾಗಿ ಬಿಚ್ಚಿಕೊಂಡು ಒಳಗಿನ ಅಲೆಯಂಥ ಕಾಗದ ತೋರಿಸಿದಾಗ "ಐಡಿಯಾ ಬಂತು ಮೇಡಂ" ಎನ್ನುತ್ತೀರಿ. ಬಂದದ್ದು ತಲೆಯಿಂದಲ್ಲ, ರಟ್ಟಿನಿಂದ.

ಖಾಲಿ ಜಾಗದ ಶಿಲ್ಪ ಮಾಡ್ತಾರಂತೆ. ಅದನ್ನ ನಾನು ಮಾಡ್ಬಹುದಾ?

ಮಾಡಬಹುದು, ಚಿಕ್ಕದಾಗಿ. ರೇಚಲ್ ವೈಟ್‌ರೀಡ್ ವಸ್ತುವನ್ನು ಬಿಟ್ಟು ಅದರ ಸುತ್ತಲಿನ, ಒಳಗಿನ ಖಾಲಿಯನ್ನು ಎರಕ ಹೊಯ್ಯುತ್ತಾರೆ. 1995ರ ಒಂದು ಕೃತಿಯಲ್ಲಿ ಕುರ್ಚಿಗಳ ಕೆಳಗಿನ ಜಾಗವೇ ಬಣ್ಣಬಣ್ಣದ ರಾಳದ ನೂರು ಗಟ್ಟಿಗಳಾಗಿ ಸಾಲಾಗಿ ನಿಂತಿದೆ.

ನೀವು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಯ, ರಬ್ಬರ್ ಕೈಗವಸಿನ, ಮಡಚಿದ ಹಾಲಿನ ಪ್ಯಾಕೆಟ್ಟಿನ ಒಳಜಾಗ ಎರೆಯಬಹುದು. ಡಬ್ಬಿಯ ಒಳಬದಿಯಲ್ಲಿ ಉಬ್ಬಿದ್ದ ಅಕ್ಷರ ಎರಕದಲ್ಲಿ ತಗ್ಗಾಗಿ ಬರುವುದನ್ನು ಮೊದಲು ಕಾಗದದ ಮೇಲೆ ಊಹಿಸಿ ಬಿಡಿಸಿ. ಆಮೇಲೆ ಎರೆದು ಹೋಲಿಸಿ. ನನಗೆ ಈ ಅಭ್ಯಾಸದಲ್ಲಿ ಇವತ್ತಿಗೂ ತಪ್ಪಾಗುತ್ತದೆ.

ಎಚ್ಚರಿಕೆ: ಪುಡಿಯನ್ನು ನೀರಿಗೆ ಉದುರಿಸಿ, ನೀರನ್ನು ಪುಡಿಗೆ ಹಾಕಬೇಡಿ. ಪುಡಿ ಉಸಿರಿಗೆ ಹೋಗದಂತೆ ಮಾಸ್ಕ್ ಹಾಕಿ. ಪ್ಲಾಸ್ಟರ್ ಗಟ್ಟಿಯಾಗುವಾಗ ಸುಡುವಷ್ಟು ಬಿಸಿಯಾಗುತ್ತದೆ, ಆದ್ದರಿಂದ ಕೈಯನ್ನೋ ಕಾಲನ್ನೋ ಅದರೊಳಗೆ ಎಂದಿಗೂ ಮುಳುಗಿಸಬಾರದು. ಉಳಿದದ್ದನ್ನು ಸಿಂಕಿಗೆ ಸುರಿದರೆ ಕೊಳವೆಯ ಒಳಜಾಗದ ಎರಕವಾಗುತ್ತದೆ, ಅದು ಯಾರಿಗೂ ಬೇಡ.

## ಸ್ವಲ್ಪ ಮುಂದೆ ಹೋದವರಿಗೆ

ಇಡೀ ತರಗತಿ ಸೇರಿ ಒಂದೇ ಶಿಲ್ಪ ಮಾಡಿಸ್ಬೇಕು. ಹೇಗೆ? (ಒಬ್ಬ ಶಿಕ್ಷಕರು)

ಆಂಟನಿ ಗಾರ್ಮ್ಲಿಯವರ 1993ರ ಕೃತಿಯೊಂದರಲ್ಲಿ ಸುಮಾರು 40,000 ಮಣ್ಣಿನ ಗೊಂಬೆಗಳು ಕೋಣೆ ತುಂಬ ನಿಂತು ಬಾಗಿಲಲ್ಲಿರುವ ನಿಮ್ಮನ್ನೇ ನೋಡುತ್ತವೆ. ಅವನ್ನು ಮಾಡಿದವರು ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಊರಿನ ಸುಮಾರು ನೂರು ಮಂದಿ, ಮಕ್ಕಳೂ ಸೇರಿ. ಸೂಚನೆ ಇಷ್ಟೇ: ಕೈಯಲ್ಲಿ ಹಿಡಿಯುವಷ್ಟು ದೊಡ್ಡದು, ಎರಡು ಕಣ್ಣು. ಉಳಿದದ್ದು ಮಾಡುವವರ ಕೈಗೆ ಬಿಟ್ಟದ್ದು.

ಗುಟ್ಟು ಆ ಸೂಚನೆಯಲ್ಲಿದೆ. ನಿಯಮ ಹೆಚ್ಚಾದರೆ ಎಲ್ಲ ಗೊಂಬೆಗಳೂ ಒಂದೇ ಆಗುತ್ತವೆ, ಕಡಿಮೆಯಾದರೆ ಜಾತ್ರೆಯಾಗುತ್ತದೆ. ಎರಡು ನಿಯಮ ನಿಮ್ಮದು, ಒಂದು ಮಕ್ಕಳದು ಎಂಬ ಲೆಕ್ಕ ನನಗೆ ಒಗ್ಗಿದೆ. ಸುಡುವ ಯೋಚನೆಯಿದ್ದರೆ ದಪ್ಪ ಗೊಂಬೆಗಳ ಒಳಗನ್ನು ತೋಡಿ ಟೊಳ್ಳು ಮಾಡಿಸಿ, ಪೂರ್ತಿ ಒಣಗಲು ಬಿಡಿ. ತೇವ ಉಳಿದ ಮಣ್ಣು ಗೂಡಿನಲ್ಲಿ ಸಿಡಿಯುತ್ತದೆ, ಪಕ್ಕದವರದ್ದನ್ನೂ ಒಡೆಯುತ್ತದೆ.

ದೊಡ್ಡದಾಗಿ ಮಾಡಿದ್ರೆ ಪರಿಣಾಮ ಜಾಸ್ತಿ ಅಲ್ವಾ?

ದೊಡ್ಡದಾಗಲು ಕಾರಣ ಬೇಕು. ಬೂರ್ಜ್ವಾ ಅವರ 1999ರ ಜೇಡದ ಶಿಲ್ಪ ಒಂಬತ್ತು ಮೀಟರಿಗಿಂತ ಎತ್ತರ. ಅದು ತಾಯಿಯ ರೂಪಕ. ಹಳೆಯ ಚಿತ್ರಗಂಬಳಿಗಳನ್ನು ರಿಪೇರಿ ಮಾಡುತ್ತಿದ್ದ ಅಮ್ಮ, ಎಳೆ ಹೆಣೆಯುವ ಜೇಡ. ಅದರ ಕಾಲ ಸಂದಿಯಲ್ಲಿ ನಿಂತಾಗ ನೀವು ಮತ್ತೆ ಪುಟ್ಟ ಮಗುವಾಗಬೇಕು, ಅದಕ್ಕೇ ಆ ಎತ್ತರ. ಅವರ ಜೇಡ ಮೊದಲು ಕಾಣಿಸಿಕೊಂಡದ್ದು 1947ರ ಒಂದು ಸಣ್ಣ ಚಿತ್ರದಲ್ಲಿ. ಎಷ್ಟೋ ವರ್ಷ ಅದು ಸಣ್ಣದಾಗಿಯೇ ಇದ್ದರೂ ಯಾರಿಗೂ ನಷ್ಟವಾಗಿರಲಿಲ್ಲ. ಐ ವೇಯ್‌ವೇಯ್ 2010ರಲ್ಲಿ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ನಲ್ಲಿ ಹರಡಿದ್ದು ಉಗುರಿನಷ್ಟು ಚಿಕ್ಕ ಸೂರ್ಯಕಾಂತಿ ಬೀಜಗಳನ್ನು. ಪಿಂಗಾಣಿಯಲ್ಲಿ ಮಾಡಿ ಕೈಯಿಂದಲೇ ಬಣ್ಣ ಹಚ್ಚಿದ ಅವು ಸುಮಾರು 10 ಕೋಟಿ. ಅಲ್ಲಿ ದೊಡ್ಡದು ಅಳತೆಯಲ್ಲ, ಎಣಿಕೆ.

ಮೊದಲು ಅಂಗೈಯಷ್ಟು ಮಾದರಿ ಮಾಡಿ, ಅದರ ಪಕ್ಕ ಅದೇ ಅಳತೆಗೆ ತಕ್ಕ ಕಾಗದದ ಮನುಷ್ಯನನ್ನು ನಿಲ್ಲಿಸಿ ನೋಡಿ.

ಇಬ್ಬರು ಕಲಾವಿದರನ್ನ ಸೇರಿಸ್ಬಹುದಾ?

ಒಬ್ಬರಿಂದ ವಸ್ತು, ಇನ್ನೊಬ್ಬರಿಂದ ವಿಧಾನ ತೆಗೆದುಕೊಂಡರೆ ಚೆನ್ನಾಗಿ ಕೂಡುತ್ತದೆ. ಇಬ್ಬರಿಂದಲೂ ತೋರಿಕೆ ತೆಗೆದುಕೊಂಡರೆ ಕಲಸುಮೇಲೋಗರ. ಮೂವರು ಬೇಡ.

ಕಲಾವಿದರ ಬಗ್ಗೆ ಬರೀರಿ ಅಂತಾರೆ. ಹುಟ್ಟಿದ ವರ್ಷ, ಪ್ರಶಸ್ತಿ ಬರೆದ್ರೆ ಅಂಕ ಬರಲ್ಲ. ಮತ್ತೇನು ಬರೀಬೇಕು?

ಹುಟ್ಟಿದ ವರ್ಷ ಒಂದು ಸಾಲು ಸಾಕು. ಓದುವವರು ಹುಡುಕುವುದು ನಿಮ್ಮ ಕಣ್ಣನ್ನು. "ಕೆಂಟ್ರಿಜ್ ಅವರ ಚಿತ್ರಗಳು ಭಾವಪೂರ್ಣವಾಗಿವೆ" ಎಂದು ಬರೆದರೆ ನೀವು ಚಿತ್ರ ನೋಡದೆಯೂ ಬರೆಯಬಹುದಿತ್ತು. "ಅಳಿಸಿದ ಕಾಲಿನ ಗುರುತು ಹೊಸ ಕಾಲಿಗಿಂತ ತಿಳಿಯಾಗಿದೆ, ಅದಕ್ಕೇ ಮನುಷ್ಯ ಬಲಕ್ಕೆ ನಡೆದಂತೆ ಕಾಣುತ್ತಾನೆ. ನಾನು ಇದನ್ನು ನನ್ನ ಅಜ್ಜಿಯ ಕೈಗಳ ಚಿತ್ರದಲ್ಲಿ ಪ್ರಯತ್ನಿಸಿದೆ, ಮೂರನೇ ಸಲ ಹಾಳೆ ಹರಿಯಿತು" ಎಂದು ಬರೆದರೆ ಪ್ರತಿ ಮಾತೂ ನಿಮ್ಮದು. ಹಾಳೆ ಹರಿದದ್ದನ್ನು ಮುಚ್ಚಿಡಬೇಡಿ, ಹರಿದ ಚೂರನ್ನೂ ಅಂಟಿಸಿ.

ಜಾಗ ಇಲ್ಲ ಅಂತ ಪ್ರದರ್ಶನ ಮುಗಿದ ಮರುದಿನವೇ ನನ್ನ ಶಿಲ್ಪ ಒಡೆದುಹಾಕಿ ಅಂದ್ರು. ತುಂಬಾ ಬೇಜಾರಾಯ್ತು.

ಬೇಜಾರಾಗುವುದೇ. ವೈಟ್‌ರೀಡ್ 1993ರ ಶರತ್ಕಾಲದಲ್ಲಿ ಪೂರ್ವ ಲಂಡನ್ನಿನ ಒಂದು ಮನೆಯ ಇಡೀ ಒಳಜಾಗವನ್ನು ಕಾಂಕ್ರೀಟಿನಲ್ಲಿ ಎರೆದರು. ಅದೇ ವರ್ಷ ಅವರಿಗೆ ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ ಬಂತು, ಅದನ್ನು ಪಡೆದ ಮೊದಲ ಮಹಿಳೆ ಅವರು. 1994ರ ಜನವರಿಯಲ್ಲಿ ಆ ಶಿಲ್ಪವನ್ನು ಕೆಡವಿಹಾಕಿದರು. ಇವತ್ತು ನಾವು ಅದನ್ನು ನೋಡುವುದು ಫೋಟೋಗಳಲ್ಲೇ.

ಹಾಗಾಗಿ ಒಡೆಯುವ ಮುಂಚೆ ಒಂದು ಗಂಟೆ ಕೇಳಿ ಪಡೆಯಿರಿ. ಹಿಂದೆ ಒಂದು ಬಿಳಿ ಬಟ್ಟೆ ಇಳಿಬಿಡಿ. ಫ್ಲ್ಯಾಶ್ ಬೇಡ, ಅದು ಉಬ್ಬುತಗ್ಗನ್ನೆಲ್ಲ ನುಂಗುತ್ತದೆ. ಕಿಟಕಿಯ ಬೆಳಕು ಒಂದೇ ಬದಿಯಿಂದ ಬೀಳಲಿ. ಸುತ್ತ ಎಂಟು ದಿಕ್ಕಿನಿಂದ, ಶಿಲ್ಪದ ಎತ್ತರಕ್ಕೆ ಬಗ್ಗಿ ಒಂದೊಂದು ಫೋಟೋ, ಮೇಲಿನಿಂದ ಒಂದು, ಕೈಗುರುತು ಕಾಣುವಷ್ಟು ಹತ್ತಿರದಿಂದ ಎರಡು. ಅಳತೆ ಬರೆದಿಡಿ. ಉಳಿದ ಇಪ್ಪತ್ತು ನಿಮಿಷದಲ್ಲಿ ಎದುರಿಗೆ ಕೂತು ಅದನ್ನು ಬಿಡಿಸಿ. ಒಡೆಯುವ ಕೆಲಸವನ್ನು ನೀವೇ ಮಾಡುವುದಾದರೆ ಒಂದು ಚೂರನ್ನು ಜೇಬಿಗೆ ಹಾಕಿಕೊಳ್ಳಿ.